ಸದ್ದು ನಿಂತ ಮೇಲೆ

ಮಾಂಟೆವಿಡಿಯೋದ ನಾವು ಕೈಬೀಸಿಕೊಂಡು ನಡೆಯುವ ಜನವಲ್ಲ. ಕಂಕುಳಲ್ಲಿ ಬಿಸಿನೀರಿನ ಉಕ್ಕಿನ ಫ್ಲಾಸ್ಕ್, ಅದೇ ಕೈಯಲ್ಲಿ ಮಾಟೆ ಕಷಾಯದ ಸೋರೆಬುರುಡೆ. ಬ್ಯಾಂಕಿಗೂ ಹಾಗೇ, ಮಸಣಕ್ಕೂ ಹಾಗೇ. ಫ್ಲಾಸ್ಕ್ ಅಲ್ಲಿದೆ ಎಂಬುದೇ ನಮಗೆ ನೆನಪಿರುವುದಿಲ್ಲ.

ಡಾಕ್ಟರ್ ನೆಲ್ಬಾರ ಮಿದುಳು ಸಂಶೋಧನಾ ಲ್ಯಾಬಿನಲ್ಲಿ ಯಮಿಲಾ ಎಂಆರ್‌ಐ ಕಲಿಯುತ್ತಿದ್ದಳು. ಮೈಯೊಳಗಿನ ನೀರಿನ ಹೈಡ್ರೋಜನ್ ಕಣಗಳು ದೊಡ್ಡ ಅಯಸ್ಕಾಂತದ ನಡುವೆ ಸಾಲು ಹಿಡಿಯುತ್ತವೆ, ರೇಡಿಯೋ ಅಲೆ ತಾಗಿದರೆ ಓರೆಯಾಗುತ್ತವೆ, ಮತ್ತೆ ನೆಟ್ಟಗಾಗುವಾಗ ಅವು ಕೊಡುವ ಸುಳಿವಿನಿಂದ ಚಿತ್ರ ಮೂಡುತ್ತದೆ. ಇದೆಲ್ಲ ಅವಳಿಗೆ ಬಾಯಿಪಾಠ. ಆದರೂ ನೆಲ್ಬಾ ದಿನವೂ ಒಂದೇ ಪ್ರಶ್ನೆ ಎಸೆಯುತ್ತಿದ್ದರು.

"ಮಿಷನ್ ಸದ್ದು ನಿಂತ್ರೆ ಏನು ನಿಲ್ಲುತ್ತೆ?"

"ಸದ್ದು ಮಾತ್ರ, ಡಾಕ್ಟ್ರೇ. ಅಯಸ್ಕಾಂತ ನಿಲ್ಲಲ್ಲ. ಕಬ್ಬಿಣ, ಉಕ್ಕು ಹತ್ರ ಬಂದ್ರೆ ಗುಂಡಿನ ಹಾಗೆ ಎಳ್ಕೊಳ್ಳುತ್ತೆ."

ಅಂದು ಪರೀಕ್ಷೆ. ಒಬ್ಬಳೇ ಸ್ಕ್ಯಾನ್ ಮಾಡಬೇಕು. ಮಲಗಲು ಒಪ್ಪಿದವನು ಅವಳ ತಮ್ಮ ಅದೆಮಾರ್. ತಲೆಯೊಳಗೆ ಏನೂ ಸಿಗದಿದ್ದರೆ ಅಮ್ಮನಿಗೆ ಹೇಳಬೇಡ ಎಂದು ಕಿಚಾಯಿಸುತ್ತ ಬೆಲ್ಟು, ಕೀ ಬಿಚ್ಚಿಟ್ಟ. ಕೊನೆಗೆ ಒಲ್ಲದ ಮನಸ್ಸಿನಿಂದ ಫ್ಲಾಸ್ಕನ್ನೂ ಹೊರಕೋಣೆಯ ಮೇಜಿನ ಮೇಲಿಟ್ಟ.

ಅವನನ್ನು ಯಂತ್ರದ ಸುರಂಗದೊಳಗೆ ಮಲಗಿಸಿ, ಕೈಗೆ ಕರೆಗಂಟೆಯ ರಬ್ಬರ್ ಉಂಡೆ ಕೊಟ್ಟು, ಯಮಿಲಾ ಹೊರಗೆ ಬಂದು ಕುಳಿತಳು. ಯಂತ್ರ ದಡಬಡಿಸತೊಡಗಿತು. ಅವಳ ಎದೆಯೂ. ಆತಂಕವಾದಾಗ ನಮ್ಮವರ ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು: ತಮ್ಮನ ಫ್ಲಾಸ್ಕ್ ಅವಳ ಕಂಕುಳು ಸೇರಿತು.

ಕರೆಗಂಟೆ ಬಡಿದುಕೊಂಡಿತು. ಅವಳು ಸ್ಕ್ಯಾನ್ ನಿಲ್ಲಿಸಿ ಮೈಕಿನಲ್ಲಿ ಕರೆದಳು. ಉತ್ತರವಿಲ್ಲ. ಮತ್ತೆ ಕರೆದಳು, ಇಲ್ಲ. ಕುರ್ಚಿ ಉರುಳಿದ್ದೂ ತಿಳಿಯದಂತೆ ಓಡಿ ಭಾರದ ಬಾಗಿಲನ್ನು ಎಳೆದಳು. ಒಳಗೆ ಎಲ್ಲವೂ ತಣ್ಣಗಿತ್ತು, ಯಂತ್ರ ಮಲಗಿದೆ ಎನ್ನುವ ಹಾಗೆ. ಅವಳು ಒಳಗಿಡಲು ಕಾಲೆತ್ತಿದಳು.

"ಏನಿಲ್ಲಕ್ಕಾ, ಮೂಗು ಕೆರೀತಿತ್ತು," ಸುರಂಗದೊಳಗಿನಿಂದ ಅದೆಮಾರನ ದನಿ. "ಬರೋದೇ ಬರ್ತೀಯ, ಒಂದು ಗುಟುಕು ಮಾಟೆ ತಗೊಂಬಾ."

ಯಮಿಲಾ ತನ್ನ ಕಂಕುಳು ನೋಡಿಕೊಂಡಳು.

ಎದುರಿಗೇ ಸುರಂಗದ ಬಾಯಿ, ಅದರಾಚೆ ತಮ್ಮನ ತಲೆ. ಎತ್ತಿದ ಕಾಲನ್ನು ಹಿಂದಕ್ಕಿಟ್ಟಳು. ಫ್ಲಾಸ್ಕನ್ನು ಎರಡೂ ಕೈಯಲ್ಲಿ ಅವುಚಿ ಹಿಂದೆ ಹಿಂದೆ ಸರಿದು ಯಾರಿಗೋ ಡಿಕ್ಕಿ ಹೊಡೆದಳು. ನೆರವಿಗೆಂದು ಓಡಿಬಂದಿದ್ದ ನೆಲ್ಬಾ. ಅವರ ಮುಖದಲ್ಲಿ ರಕ್ತವಿರಲಿಲ್ಲ. ಅವರ ಕಂಕುಳಲ್ಲೂ ಒಂದು ಫ್ಲಾಸ್ಕ್ ಇತ್ತು.

ನೆಲ್ಬಾ ಭಾರದ ಬಾಗಿಲನ್ನು ಎಳೆದು ಮುಚ್ಚಿದರು.

"ನೀನು ಫೇಲು," ಎಂದರು. "ನನ್ನನ್ನ ಯಾರು ಫೇಲ್ ಮಾಡ್ಬೇಕೋ ಗೊತ್ತಿಲ್ಲ."

ಸ್ಕ್ಯಾನನ್ನು ನೆಲ್ಬಾರೇ ಮುಗಿಸಿದರು. ಪರದೆಯ ಮೇಲೆ ಅದೆಮಾರನ ಮಿದುಳು ಮಡಿಕೆ ಮಡಿಕೆಯಾಗಿ ಮೂಡಿತು, ಎಲ್ಲವೂ ಇದ್ದಲ್ಲೇ ಇತ್ತು. ಯಮಿಲಾ ಬಿಕ್ಕಿ ಬಿಕ್ಕಿ ಅತ್ತಳು. ಹೊರಬಂದ ತಮ್ಮ, ಅಷ್ಟು ಕೆಟ್ಟದಾಗಿದೆಯೇ ನನ್ನ ತಲೆ ಎಂದು ಕೇಳಿ ಫ್ಲಾಸ್ಕಿಗೆ ಕೈ ಚಾಚಿದ.

"ಬೀದಿಗೆ ಹೋದ್ಮೇಲೆ ಕೊಡ್ತೀನಿ," ಎಂದಳು.

ಅದನ್ನು ಎರಡು ಕೈಯಲ್ಲಿ ಮೈಯಿಂದ ದೂರ ಹಿಡಿದು ಮೆಟ್ಟಿಲಿಳಿದಳು. ಫ್ಲಾಸ್ಕಿಗೆ ಇಷ್ಟು ಭಾರವಿದೆಯೆಂದು ಅವಳಿಗೆ ಅಂದೇ ಗೊತ್ತಾದದ್ದು.