ಬೂದು ಅಕ್ಷರದ ಎಚ್ಚರಿಕೆ

ಗಂಡಂದಿರ ಹೊಡೆತ ತಾಳದೆ ಓಡಿಬಂದ ಹೆಂಗಸರಿಗೆ ಪ್ಲೋವ್‌ದಿವ್‌ನಲ್ಲಿ ಒಂದು ಗುಟ್ಟಿನ ಮನೆಯಿತ್ತು. ಅವರು ತವರಿನವರೊಡನೆ ಮಾತಾಡಲೆಂದು, ಯಾರೂ ಕದ್ದು ಓದಲಾಗದ ಸಂದೇಶದ ಆ್ಯಪ್ ಮಾಡಿಕೊಟ್ಟವನು ರಾದೋಸ್ಲಾವ್. ಆಚೆಯವರ ಫೋನ್ ಬದಲಾದರೆ ಅದು ಕೆಂಪಕ್ಷರದಲ್ಲಿ ಎಚ್ಚರಿಸಿ, ಕರೆ ಮಾಡಿ ದನಿ ಕೇಳುವವರೆಗೂ ಸಂದೇಶವನ್ನು ತಡೆಯುತ್ತಿತ್ತು.

ಮನೆ ನೋಡಿಕೊಳ್ಳುವ ಸ್ನೆಜಾನಾ ಗೊಣಗಿದಳು: “ಜನ ಫೋನ್ ಬದಲಾಯಿಸ್ತಾನೇ ಇರ್ತಾರೆ. ದಿನಾ ಬೊಗಳೋ ನಾಯಿಗೆ ಯಾರಪ್ಪಾ ಎದ್ದು ಬರ್ತಾರೆ? ತೆಗೆದುಹಾಕು ಮಾರಾಯ!”

ಅವನಿಗೂ ಹೌದೆನಿಸಿತು. ತಡೆ ತೆಗೆದು, ಎಚ್ಚರಿಕೆಯನ್ನು ಸಣ್ಣ ಬೂದು ಅಕ್ಷರಕ್ಕೆ ಇಳಿಸಿದ.

ಆ ಚಳಿಗಾಲ, ಅದೇ ಮನೆಯಲ್ಲಿದ್ದ ತ್ಸ್ವೆತಾ ಎಂಬವಳ ಗಂಡ, ಅವಳ ಅಕ್ಕನ ಸಿಮ್ ಕಿತ್ತುಕೊಂಡು ತನ್ನ ಫೋನಿಗೆ ಹಾಕಿ ಅಕ್ಕನಂತೆಯೇ ಬರೆದ: “ಚೀಸ್ ತುಂಬಿ ಬಿಸಿ ಬಾನಿತ್ಸಾ ಮಾಡಿದ್ದೀನಿ ಕಣೇ, ಎಲ್ಲಿಗೆ ತರ್ಲಿ?”

ತ್ಸ್ವೆತಾ ವಿಳಾಸ ಕೊಟ್ಟಳು.

ಬಾಗಿಲು ಒಡೆದು ನುಗ್ಗಿದವನನ್ನು ನೆರೆಯವರು ಹಿಡಿದರು. ಅಷ್ಟರಲ್ಲಿ ಅವಳ ಕೈ ಮುರಿದಿತ್ತು. ಗುಟ್ಟು ಬಯಲಾದ ಮನೆ ಮುಚ್ಚಿತು, ಹೆಂಗಸರು ಬೇರೆ ಬೇರೆ ಊರಿಗೆ ಹೋಗಬೇಕಾಯಿತು.

ಹೊರಡುವ ದಿನ ರಾದೋಸ್ಲಾವ್ ತ್ಸ್ವೆತಾಳನ್ನು ಕೇಳಿದ, “ಫೋನ್ ಬದಲಾಗಿದೆ ಅಂತ ಕೆಳಗೆ ಬರೆದಿತ್ತಲ್ಲಮ್ಮಾ?”

“ಮೇಲೆ ಅಕ್ಕನ ಹೆಸರಿತ್ತಲ್ಲಣ್ಣಾ,” ಎಂದಳು ತ್ಸ್ವೆತಾ. “ಅದನ್ನ ನೋಡಿದ್ಮೇಲೆ ಇನ್ನೇನು ಓದ್ಲಿ?”

ಅವನು ಅವಳ ಚೀಲ ಎತ್ತಿ ವ್ಯಾನಿಗಿಟ್ಟ. ತಡೆ ತೆಗೆದವನು ತಾನೇ ಆಗಿದ್ದು, ಅವಳನ್ನು ಹಾಗೆ ಕೇಳಬಾರದಿತ್ತೆಂದು ಇಂದಿಗೂ ಕೊರಗುತ್ತಾನೆ.