ಬೆನ್ನು ಬಿಚ್ಚಿದ ವಾಷಿಂಗ್ ಮಷೀನು

ಡ್ರಾಯಿಂಗ್ ಮೇಷ್ಟ್ರಿಗೆ ಕೆಟ್ಟುಹೋದ ಸಾಮಾನು ಕಂಡರೆ ಬಾಯಲ್ಲಿ ನೀರೂರುತ್ತದೆ. ಹೋದ ವಾರ ಫ್ಯಾನಿನ ಸದ್ದು ನಿಲ್ಲಿಸುತ್ತೇನೆಂದು ಸ್ಟೂಲು ಹತ್ತಿದರು. ಸದ್ದು ನಿಂತಿತು, ಜೊತೆಗೆ ಫ್ಯಾನೂ ನಿಂತಿತು. ಕೈಗಂಟಿದ ಗ್ರೀಸನ್ನು ಹೆಂಡತಿಯ ಬಿಳಿ ಯೂನಿಫಾರ್ಮಿಗೆ ಒರೆಸಿ ಕೆಳಗಿಳಿದರು. ಹಾಗಾಗಿ ನರ್ಸಮ್ಮನಿಗೆ ಉಳಿದದ್ದು ಒಂದೇ ಜೊತೆ. ಆ ಒಂದೂ ಈಗ ವಾಷಿಂಗ್ ಮಷೀನಿನ ಹೊಟ್ಟೆಯಲ್ಲಿ, ಅರ್ಧ ಡ್ರಮ್ಮು ನೀರಲ್ಲಿ ತೇಲುತ್ತಿತ್ತು. ನೀರು ಹೊರಗೆ ಹೋಗಲೊಲ್ಲದು, ಬಾಗಿಲು ತೆರೆಯಲೊಲ್ಲದು.

ಮಧ್ಯಾಹ್ನ ಎರಡಕ್ಕೆ ದೊಡ್ಡ ಡಾಕ್ಟರ ಮುಂದೆ ಸಂದರ್ಶನ. ಹನ್ನೆರಡು ವರ್ಷ ಕಾದಿದ್ದ ಹೆಡ್ ನರ್ಸ್ ಹುದ್ದೆ. ಯೂನಿಫಾರ್ಮ್ ಇಲ್ಲದವರನ್ನು ಆ ಮನುಷ್ಯ ಬಾಗಿಲಿಂದಲೇ ವಾಪಸ್ ಕಳಿಸುತ್ತಾನೆ.

"ರೀ, ಮೆಕ್ಯಾನಿಕ್‌ಗೆ ಫೋನ್ ಮಾಡ್ತೀನಿ."

"ಅವನೇನು ಮೇಲಿಂದ ಇಳಿದು ಬಂದಿದಾನಾ? ಅರ್ಧ ಗಂಟೆ ಕೊಡು ಸಾಕು."

ಅರ್ಧ ಗಂಟೆ ಹೋಗಿ ಮೂರು ತಾಸಾಯಿತು. ಮೇಷ್ಟ್ರದ್ದು ಬಲು ಶಿಸ್ತಿನ ಕೆಲಸ. ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಷೀನಿನ ಬೆನ್ನಿನ ಚಿತ್ರ ಬರೆದರು. ನೆರಳು ಕೊಡುವುದನ್ನೂ ಬಿಡಲಿಲ್ಲ. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಚಿತ್ರದಲ್ಲಿ ಅದದೇ ಜಾಗದಲ್ಲಿಟ್ಟರು. ಇಪ್ಪತ್ತಾರು ಸ್ಕ್ರೂ. ಆಮೇಲೆ ಬೆನ್ನುಹಲಗೆ ಕಳಚಿ, ಒಳಗೆ ಇಣುಕಿ, "ಹೂಂ" ಅಂದರು. ಆ "ಹೂಂ" ಕೇಳಿದರೆ ತಜ್ಞರೇ ನಾಚಬೇಕು. ಹೂಂ ಅಂದವರು ಟಾರ್ಚ್ ತರಲು ಮಹಡಿಗೆ ಹೋದರು.

ಇಳಿದು ಬರುವಷ್ಟರಲ್ಲಿ ನೆಲ ಫಳಫಳ ಹೊಳೆಯುತ್ತಿತ್ತು. ಅವರ ತಾಯಿ ಒರೆಸುವ ಬಟ್ಟೆ ಹಿಂಡುತ್ತಿದ್ದರು.

"ಎಂಥಾ ಗಲೀಜು ಮಾಡಿಟ್ಟಿದ್ಯಪ್ಪಾ! ಸ್ಕ್ರೂ ಎಲ್ಲಾ ಈ ಲೋಟಕ್ಕೆ ಹಾಕಿದೀನಿ ನೋಡು. ಒಂದೂ ಕಳೆದಿಲ್ಲ."

ಮೇಷ್ಟ್ರು ಲೋಟ ನೋಡಿದರು, ನೆಲ ನೋಡಿದರು, ತಾಯಿಯನ್ನು ನೋಡಿದರು. ಬೈಯುವಂತಿಲ್ಲ, ಹಡೆದವಳು. "ಒಂದೊಂದೂ ಬೇರೆ ಬೇರೆ ಉದ್ದ ಇತ್ತಮ್ಮಾ..." ಎಂದು ಅಲ್ಲೇ ಕುಸಿದು ಕೂತರು.

ಗಡಿಯಾರ ಒಂದು ಹೊಡೆಯಿತು. ನರ್ಸಮ್ಮನ ತಾಳ್ಮೆಯ ಕಟ್ಟೆಯೂ ಒಡೆಯಿತು.

"ಮೂತ್ರ ಕಟ್ಟಿದ ರೋಗಿಗೆ ಯಾರಾದ್ರೂ ಬೆನ್ನು ಕುಯ್ತಾರೇನ್ರೀ? ನೀರು ಹೋಗೋ ದಾರಿ ನೋಡ್ಬೇಕಲ್ವಾ? ಸರೀರಿ ಆಕಡೆ!"

ಸೀರೆ ಎತ್ತಿ ಕಟ್ಟಿ ಮಷೀನಿನ ಮುಂದೆ ಮೊಣಕಾಲೂರಿದಳು. ಕೆಳಗಿನ ಮೂಲೆಯಲ್ಲಿ ಅಂಗೈಯಷ್ಟು ಪುಟ್ಟ ಬಾಗಿಲು. ಚಮಚ ಸಿಕ್ಕಿಸಿ ಮೀಟಿದಳು. ಒಳಗೆ ತಿರುಗಿಸುವ ಬಿರಡೆ, ಅದರ ಪಕ್ಕ ಕಿತ್ತಳೆ ಬಣ್ಣದ ದಾರ, ಯಾವುದನ್ನು ಏನು ಮಾಡಬೇಕೆಂದು ತೋರಿಸುವ ಚಿತ್ರವೂ ಇತ್ತು. ಚಿತ್ರದ ಮೇಷ್ಟ್ರ ಕಣ್ಣಿಗೆ ಆ ಚಿತ್ರ ಮಾತ್ರ ಬಿದ್ದಿರಲಿಲ್ಲ.

ತಟ್ಟೆಯಿಟ್ಟು ಬಿರಡೆ ತಿರುಗಿಸಿದಳು. ಭೋರ್ ಎಂದು ಬಂದ ನೀರು ತಟ್ಟೆಗೆ ಬಿದ್ದದ್ದು ಅರ್ಧ, ಅವಳ ಮೇಲೆ ಬಿದ್ದದ್ದು ಅರ್ಧ. ಕೊನೆಗೆ ಕಪ್ಪು ಟೇಪಿನ ಉಂಡೆಯೊಂದು ಜಾರಿತು. ವೈರಿಗೆ ಸುತ್ತುವ ಟೇಪು, ಮೇಷ್ಟ್ರ ಪ್ಯಾಂಟಿನ ಜೇಬಿನದು.

"ಅಯ್ಯೋ, ಇದನ್ನೇ ಹುಡುಕ್ತಿದ್ದೆ!" ಅಂದರು ಮೇಷ್ಟ್ರು ಖುಷಿಯಿಂದ.

ಅವಳು ದಾರ ಎಳೆದಳು. ಟಕ್ಕೆಂದು ಬಾಗಿಲು ತೆರೆಯಿತು.

"ನಾನು ಹಿಂದೆ ಸಡಿಲ ಮಾಡಿದ್ದಕ್ಕೇ ಕಣೇ ಅದು ಮುಂದೆ ಬಂದಿದ್ದು."

ನರ್ಸಮ್ಮ ಆಗಲೇ ಯೂನಿಫಾರ್ಮನ್ನು ಹೊರಗೆಳೆದಿದ್ದಳು. ಇಸ್ತ್ರಿಪೆಟ್ಟಿಗೆಯನ್ನು ನಂಬುವಂತಿರಲಿಲ್ಲ, ಅದನ್ನೂ ಅವರೇ ರಿಪೇರಿ ಮಾಡಿದ್ದರು. ಹಿಂಡಿ, ಕೊಡವಿ, ಹಾಗೇ ತೊಟ್ಟು ಓಡಿದಳು.

ಎರಡಕ್ಕೆ ಎರಡು ನಿಮಿಷವಿದ್ದಾಗ ದೊಡ್ಡ ಡಾಕ್ಟರ ಮುಂದೆ ನಿಂತಳು. ಯೂನಿಫಾರ್ಮಿನ ಅಂಚಿನಿಂದ ತೊಟತೊಟ ನೀರು.

"ಇದೇನ್ ಸಿಸ್ಟರ್ ಅವತಾರ?"

"ಬರೋ ಹೊತ್ತಿಗೆ ಮನೇಲೊಂದು ಕೇಸ್ ಆಯ್ತು ಸಾರ್. ನೀರು ಕಟ್ಕೊಂಡಿತ್ತು. ಈಗ ಸರಾಗ."

"ಏನ್ ಮಾಡಿದ್ರಿ?"

"ಮೊದಲು ಡಾಕ್ಟರನ್ನ ಪಕ್ಕಕ್ಕೆ ಸರಿಸಿದೆ ಸಾರ್."

ಅವರು ಕನ್ನಡಕ ತೆಗೆದು ಒರೆಸಿದರು. ನಗು ತಡೆಯಲಾರದೆ ಭುಜ ಕುಲುಕಿತು. ಕಾಗದಕ್ಕೆ ಸಹಿ ಹಾಕಿ ಮುಂದೆ ತಳ್ಳಿದರು.

"ನಾಳೆಯಿಂದ ವಾರ್ಡು ನಿಮ್ದು. ನನ್ನೊಬ್ಬನ್ನ ಸರಿಸ್ಬೇಡಿ ಅಷ್ಟೇ."

"ಅದು ಕೇಸ್ ನೋಡಿ ಹೇಳ್ತೀನಿ ಸಾರ್," ಎಂದು ನರ್ಸಮ್ಮ ಕಾಗದ ಒದ್ದೆಯಾಗದಂತೆ ಎರಡು ಬೆರಳಲ್ಲಿ ಹಿಡಿದುಕೊಂಡಳು.