ಮೂತಿ ಲಾರಿಯ ಟ್ಯಾಂಕು

ಕೆಂಗೇರಿಯ ಚಿಕ್ಕಹನುಮಯ್ಯನ ಲಾರಿಗೆ ಮೂತಿ ಮುಂದಕ್ಕೆ ಚಾಚಿತ್ತು. ಅಂಥ ಉದ್ದ ಬಾನೆಟ್ಟಿನ ಗಾಡಿಗಳು ಎಂಬತ್ತರ ದಶಕ ಅರ್ಧ ಕಳೆಯುವಷ್ಟರಲ್ಲಿ ಮೈಸೂರು ರಸ್ತೆಯಲ್ಲಿ ಅಪರೂಪವಾಗಿದ್ದವು. ಬೇರೆ ಡ್ರೈವರುಗಳು ಅದನ್ನು ‘ಮುದುಕಿ’ ಅಂತ ಹಂಗಿಸುತ್ತಿದ್ದರು. ಬ್ಯಾಡರಹಳ್ಳಿ ಆಚೆಯ ಕ್ವಾರಿಯಿಂದ ಜಲ್ಲಿ ತುಂಬಿಕೊಂಡು ಬಸವೇಶ್ವರನಗರದ ಹೊಸ ಸೈಟುಗಳಿಗೆ ಸುರಿಯುವುದು ಮುದುಕಿಯ ಕೆಲಸ. ಅವಳನ್ನು ಯಾರು ಏನಂದರೂ ಚಿಕ್ಕಹನುಮಯ್ಯನ ರಕ್ತ ಕುದಿಯುತ್ತಿತ್ತು. ಅವನ ರಕ್ತ ಕುದಿಯುವುದಕ್ಕೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ.

ಆವತ್ತು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೋದ ಹೆಂಡತಿ ಅಕ್ಕಯ್ಯಮ್ಮ ಅಲ್ಲಿಂದಲೇ ಕೂಗಿದಳು. ಲಾರಿಯ ಕೆಳಗೆ ಮಣ್ಣು ಕಪ್ಪಗೆ ನೆನೆದಿತ್ತು. ಬೀದಿಯೆಲ್ಲ ಡೀಸೆಲ್ ನಾತ. ಚಿಕ್ಕಹನುಮಯ್ಯ ಅಂಗಾತ ಮಲಗಿ ಕೆಳಗೆ ತೂರಿಕೊಂಡು ಟ್ಯಾಂಕಿನ ಹೊಟ್ಟೆ ತಡವಿದ. ಎಲ್ಲ ಕಡೆ ಒದ್ದೆ. ತೂತು ಎಲ್ಲಿದೆಯೆಂದು ಕಾಣಲಿಲ್ಲ. ಆದರೆ ಯಾರು ಮಾಡಿದ್ದೆಂದು ಅವನ ಮನಸ್ಸಿಗೆ ಆಗಲೇ ಗೊತ್ತಾಗಿಬಿಟ್ಟಿತ್ತು.

ಹಿಂದಿನ ದಿನ ಕ್ವಾರಿಯಲ್ಲಿ ಲೋಡಿನ ಸರದಿಗಾಗಿ ಬೆಟ್ಟಯ್ಯನ ಜೊತೆ ಜಗಳವಾಗಿತ್ತು. ಬೆಟ್ಟಯ್ಯ ಅವನಿಗಿಂತ ಚಿಕ್ಕವನು, ಹೊಸ ಲಾರಿ ಇಟ್ಟವನು, ಬಾಯಿ ಜೋರು. ಎಲ್ಲರ ಎದುರಿಗೆ ಎದೆ ಸೆಟೆಸಿಕೊಂಡು, “ನಾಳೆ ನಿನ್ ಮುದುಕಿ ಎದ್ದೇಳಲ್ಲ, ನೋಡ್ತಿರು” ಅಂದಿದ್ದ.

“ಚುಚ್ಚವ್ನೆ ಬೋಳಿಮಗ,” ಅಂದ ಚಿಕ್ಕಹನುಮಯ್ಯ ಮೇಲಕ್ಕೇಳುತ್ತ.

“ನೀವು ಕಣ್ಣಾರೆ ಕಂಡ್ರಾ? ಹಳೇ ಗಾಡಿ, ತಾನೇ ತೂತಾಗಿರ್ಬೋದು. ಮೊದ್ಲು ಅಂಜಿನಯ್ಯನಿಗೆ ತೋರ್ಸಿ,” ಅಂದಳು ಅಕ್ಕಯ್ಯಮ್ಮ.

ಅವನು ಲಾರಿಯನ್ನೇನೋ ಅಂಜಿನಯ್ಯನ ವೆಲ್ಡಿಂಗ್ ಶೆಡ್ಡಿಗೆ ಒಯ್ದ, ದಾರಿಯುದ್ದಕ್ಕೂ ಡೀಸೆಲ್ ಚೆಲ್ಲುತ್ತ. ಆದರೆ ಟ್ಯಾಂಕು ಬಿಚ್ಚುವತನಕ ಕಾಯಲಿಲ್ಲ. ಸೀಟಿನ ಹಿಂದಿದ್ದ ವೀಲ್ ಸ್ಪ್ಯಾನರ್ ಎಳೆದುಕೊಂಡು ಹೊರಟೇಬಿಟ್ಟ. ಅಂಜಿನಯ್ಯ, “ಲೋ ಹನುಮಯ್ಯ, ನಿಲ್ಲೋ! ನೋಡೋಣ ಇರೋ!” ಎಂದು ಕೂಗಿದ್ದು ಕಿವಿಗೆ ಬಿದ್ದರೂ ಕಾಲು ನಿಲ್ಲಲಿಲ್ಲ.

ಬೆಟ್ಟಯ್ಯ ಎಂದಿನಂತೆ ರಸ್ತೆಯಾಚೆಯ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಬನ್ನು ಅದ್ದಿ ತಿನ್ನುತ್ತಿದ್ದ. ತಲೆಯೆತ್ತಿ, “ಏನಣ್ಣೋ, ಎದ್ದಳಾ ಮುದುಕಿ?” ಅಂತ ನಕ್ಕ.

ಆ ನಗುವೇ ಸಾಕಾಯಿತು. ಮೊದಲ ಏಟು ಬೆಂಚಿಗೆ ಬಿದ್ದು ಹಲಗೆ ಸೀಳಿತು. ಗ್ಲಾಸು ಹಾರಿತು. ಬೆಟ್ಟಯ್ಯ ಹಿಂದಕ್ಕೆ ಬಿದ್ದು, ತಲೆ ಕಾಯ್ದುಕೊಳ್ಳಲು ಬಲಗೈ ಅಡ್ಡ ಹಿಡಿದ. ಎರಡನೆಯ ಏಟು ಮೊಣಕೈಯ ಮೇಲೆ ಬಿತ್ತು. ಒಣ ಸೌದೆ ಮುರಿದ ಹಾಗೆ ಸದ್ದಾಯಿತು. ಬೆಟ್ಟಯ್ಯನ ಬಾಯಿಂದ ಮನುಷ್ಯರ ಕೂಗಲ್ಲದ ಕೂಗೊಂದು ಹೊರಟಿತು.

“ಚುಚ್ತೀಯೇನೋ? ಚುಚ್ತೀಯಾ ನನ್ ಟ್ಯಾಂಕು?”

“ಯಾವ ಟ್ಯಾಂಕು... ಅಣ್ಣಾ... ಯಾವ ಟ್ಯಾಂಕು...”

ಚಿಕ್ಕಹನುಮಯ್ಯ ಸ್ಪ್ಯಾನರ್ ಬಿಟ್ಟು ಕಾಲಿನಿಂದ ಒದ್ದ. ಪಕ್ಕೆಗೆ ಒದ್ದ, ಬೆನ್ನಿಗೆ ಒದ್ದ, ಮುಖಕ್ಕೂ ಒದ್ದ. ಟೀ ಅಂಗಡಿಯವನೂ ಮತ್ತಿಬ್ಬರು ಡ್ರೈವರುಗಳೂ ಹಿಂದಿನಿಂದ ತಬ್ಬಿ ಎಳೆಯುವ ಹೊತ್ತಿಗೆ ಬೆಟ್ಟಯ್ಯನ ಮುಖ ಗುರುತು ಸಿಗದಂತಾಗಿತ್ತು. ಕೈಯ ಮೂಳೆಯ ತುದಿ ಚರ್ಮ ಹರಿದು ಹೊರಗೆ ಬಂದಿತ್ತು. ಯಾರೋ ಓಡಿ ಆಟೋ ತಂದರು. ಬೆಟ್ಟಯ್ಯನನ್ನು ಅದರೊಳಗೆ ಹೊತ್ತು ಹಾಕುವಾಗಲೂ ಅವನು ಅದನ್ನೇ ಕೇಳುತ್ತಿದ್ದ: ಯಾವ ಟ್ಯಾಂಕು?

ಚಿಕ್ಕಹನುಮಯ್ಯ ಶೆಡ್ಡಿಗೆ ಬಂದಾಗ ಅಂಗಿಯ ಮೇಲೆ ರಕ್ತವಿತ್ತು. ಅಂಜಿನಯ್ಯ ಟ್ಯಾಂಕನ್ನು ಇಳಿಸಿ, ಉಳಿದ ಡೀಸೆಲನ್ನು ತಗಡಿನ ಡಬ್ಬಕ್ಕೆ ಬಸಿದು, ಬೋರಲು ಹಾಕಿದ್ದ. ಅಂಗಿಯನ್ನು ನೋಡಿದ, ಆಮೇಲೆ ಟ್ಯಾಂಕಿನ ಕಡೆ ಕೈ ತೋರಿಸಿದ.

ಟ್ಯಾಂಕನ್ನು ಚಾಸಿಗೆ ಬಿಗಿದಿಡುವ ಕಬ್ಬಿಣದ ಪಟ್ಟಿಯ ಕೆಳಗಿನ ರಬ್ಬರು ಎಂದೋ ಸವೆದು ಉದುರಿಹೋಗಿತ್ತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಉಜ್ಜಿ, ಪಟ್ಟಿ ಕೂತ ಜಾಗದಲ್ಲಿ ಉದ್ದಕ್ಕೆ ತುಕ್ಕಿನ ಗೀರು ಬಿದ್ದಿತ್ತು. ಅದರ ನಡುವೆ ಕಡಲೆಕಾಳಿನಷ್ಟು ತೂತು. ಅಂಜಿನಯ್ಯ ಬೆರಳಿಟ್ಟು ಒತ್ತಿದ. ತಗಡು ಹಪ್ಪಳದ ಹಾಗೆ ಮುರಿದು ಒಳಗೆ ಬಿತ್ತು.

“ಹೊರಗಿಂದ ಯಾವನಿಗೂ ಇಲ್ಲಿ ಕೈ ಆಡಲ್ಲ. ಪಟ್ಟಿ ಬಿಚ್ದೆ ಚುಚ್ಚೋಕಾಗಲ್ಲ ಕಣೋ. ಬೆಸುಗೆನೂ ನಿಲ್ಲಲ್ಲ, ಬೇರೆ ಟ್ಯಾಂಕೇ ಹಾಕ್ಬೇಕು.”

ಚಿಕ್ಕಹನುಮಯ್ಯ ಕುಕ್ಕರುಗಾಲಲ್ಲಿ ಕೂತ. ತೂತನ್ನೇ ನೋಡಿದ. ಶೆಡ್ಡಿನ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ.

ಅಂಜಿನಯ್ಯ ಹತ್ತಿರ ಬಂದು ದನಿ ತಗ್ಗಿಸಿದ. “ಆಗಿದ್ದು ಆಗೋಯ್ತು. ಪೊಲೀಸ್ನೋರು ಬರ್ತಾರೆ. ಕೆಳಗಡೆ ಉಳಿಯಿಂದ ಒಂದೇಟು ಹಾಕ್ಬುಡು. ಅವನೇ ಚುಚ್ಚಿದ್ದ ಅಂತ ತೋರ್ಸ್ಬೋದು. ನಾನು ಬಾಯಿ ಬಿಡಲ್ಲ.”

ಉಳಿ, ಸುತ್ತಿಗೆ ಎರಡೂ ಕೈಗೆ ಬಂದವು. ಚಿಕ್ಕಹನುಮಯ್ಯ ಟ್ಯಾಂಕಿನ ಹೊಟ್ಟೆಗೆ ಉಳಿ ಊರಿ ಸುತ್ತಿಗೆ ಎತ್ತಿದ. ಹೆಂಡತಿ, ಮನೆ, ಜೈಲು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಆದರೆ ಕಿವಿಯಲ್ಲಿ ಮೊಣಕೈ ಮುರಿದ ಸದ್ದು. ಎತ್ತಿದ ಕೈ ಇಳಿಯಲೇ ಇಲ್ಲ. ಸುತ್ತಿಗೆಯನ್ನು ಪಕ್ಕಕ್ಕೆಸೆದು ಟ್ಯಾಂಕಿನ ಪಕ್ಕದಲ್ಲೇ ಕೂತ.

ಸ್ವಲ್ಪ ಹೊತ್ತಿಗೆಲ್ಲ ಮೆಟಡೋರ್ ವ್ಯಾನೊಂದು ಕಿರುಗುಟ್ಟಿ ನಿಂತಿತು. ಬೆಟ್ಟಯ್ಯನ ಬಾಮೈದ ಕೆಂಚಪ್ಪ ಮೂವರನ್ನು ಕಟ್ಟಿಕೊಂಡು ಇಳಿದ. ಒಬ್ಬನ ಕೈಯಲ್ಲಿ ಸೈಕಲ್ ಚೈನು.

“ಯಾಕೋ ಹೊಡ್ದೆ ನಮ್ ಭಾವನ್ನ?”

ಚಿಕ್ಕಹನುಮಯ್ಯ ಎದ್ದು ನಿಂತ. “ಅವನು ಏನೂ ಮಾಡಿರ್ಲಿಲ್ಲ. ಟ್ಯಾಂಕು ತಾನೇ ತೂತಾಗಿತ್ತು. ಈಗ ಗೊತ್ತಾಯ್ತು.”

ಕೆಂಚಪ್ಪ ಒಂದು ಗಳಿಗೆ ತಬ್ಬಿಬ್ಬಾದ. ಅವನು ಬೈಗುಳಕ್ಕೆ, ಕೈ ಮಿಲಾಯಿಸುವುದಕ್ಕೆ ಸಿದ್ಧನಾಗಿ ಬಂದಿದ್ದ. ಈ ಮಾತು ಅವನನ್ನು ಹುಚ್ಚನನ್ನಾಗಿಸಿತು. “ಸುಮ್ ಸುಮ್ನೆ? ಸುಮ್ ಸುಮ್ನೆ ಕೈ ಮುರಿದ್ಯಾ?” ಎಂದವನೇ ನೆಲದ ಮೇಲಿದ್ದ ಟ್ಯಾಂಕಿನ ಪಟ್ಟಿ ಎತ್ತಿ ಬೀಸಿದ. ಅದರ ಅಂಚು ಹಣೆಯನ್ನು ಸೀಳಿತು. ಚೈನು ಬೆನ್ನಿಗೆ ಸುತ್ತಿಕೊಂಡಿತು. ಚಿಕ್ಕಹನುಮಯ್ಯ ಕೈ ಎತ್ತಲಿಲ್ಲ. ಎತ್ತಬಾರದೆಂದು ನಿರ್ಧರಿಸಿದ್ದನೋ, ಎತ್ತಲು ಆಗಲಿಲ್ಲವೋ, ಅವನಿಗೇ ತಿಳಿಯದು. ಮಂಡಿಯೂರಿದ. ಡೀಸೆಲ್ ಕೆಸರಿನಲ್ಲಿ ಮುಖ ಹೂತಿತು. ಪಕ್ಕೆಯೊಳಗೆ ಏನೋ ಲಟಕ್ಕೆಂದಿತು. ಅವರು ನಿಲ್ಲಿಸಲಿಲ್ಲ.

ಫಟ್ಟೆಂದು ಸದ್ದಾಗಿ ನೀಲಿ ಬೆಳಕು ಹೊತ್ತಿತು. ಗ್ಯಾಸ್ ಟಾರ್ಚು ಹಚ್ಚಿ ಹಿಡಿದು ಅಂಜಿನಯ್ಯ ಶೆಡ್ಡಿನ ಮೆಟ್ಟಿಲ ಮೇಲೆ ನಿಂತಿದ್ದ.

“ನೆಲದ ತುಂಬ ಡೀಸೆಲ್ ಐತೆ. ಡಬ್ಬನೂ ಅಲ್ಲೇ ಐತೆ. ಇನ್ನೊಂದೇಟು ಬಿದ್ರೆ ಇದನ್ನ ಅದ್ರೊಳಕ್ಕೆ ಹಾಕ್ತೀನಿ. ನಿಮ್ಮನ್ನೂ ಸುಡ್ತೀನಿ, ನಾನೂ ಸುಟ್ಕೊತೀನಿ. ಆಚೆ ನಡೀರೋ!”

ಅವನ ಕಣ್ಣು ನೋಡಿದ ಯಾರಿಗೂ ಅದು ಬರೀ ಬೆದರಿಕೆ ಅನ್ನಿಸಲಿಲ್ಲ. ಚೈನಿನವನು ಮೊದಲು ಹಿಂದೆ ಸರಿದ. ಕೆಂಚಪ್ಪ ಬಿದ್ದವನ ಮೇಲೆ ಉಗಿದು, ಪಟ್ಟಿಯನ್ನು ಬಿಸಾಕಿ ವ್ಯಾನು ಹತ್ತಿದ.

ದೊಡ್ಡಾಸ್ಪತ್ರೆಯಲ್ಲಿ ಮೂಳೆ ಮುರಿದವರಿಗೆಲ್ಲ ಒಂದೇ ವಾರ್ಡು. ಚಿಕ್ಕಹನುಮಯ್ಯನಿಗೆ ಎಚ್ಚರವಾದಾಗ ಬೆಟ್ಟಯ್ಯ ಎದುರು ಸಾಲಿನ ಮಂಚದಲ್ಲಿದ್ದ. ಕೈ ಹೆಗಲತನಕ ಪ್ಲಾಸ್ಟರಿನಲ್ಲಿತ್ತು. ಮುಖ ಊದಿ ಒಂದು ಕಣ್ಣು ಮುಚ್ಚಿತ್ತು. ಹೆಂಡತಿ ಪಾಪಮ್ಮ ಸ್ಟೀಲು ಲೋಟದಲ್ಲಿ ಗಂಜಿ ಕುಡಿಸುತ್ತಿದ್ದಳು.

ಮಾರನೆಯ ದಿನ ಬೆಟ್ಟಯ್ಯ ಎಡಗೈಯಲ್ಲಿ ಗಂಜಿಯ ಲೋಟ ಹಿಡಿದು, ಗೋಡೆಗೆ ಹೆಗಲು ಆನಿಸಿಕೊಳ್ಳುತ್ತ ಈ ಮಂಚದ ಹತ್ತಿರ ಬಂದ.

“ಕೆಂಚ ಹೇಳ್ದ. ತಾನೇ ತೂತಾಗಿತ್ತಂತೆ?”

“ಹೂಂ. ಪಟ್ಟಿ ಉಜ್ಜಿ.”

“ನಾನು ಕ್ವಾರಿಲಿ ಬಾಯಿಗೆ ಬಂದಿದ್ದು ಅಂದೆ ಕಣಣ್ಣ. ನಿನ್ ಮನೆ ಯಾವ ಬೀದೀಲೈತೆ ಅಂತಾನೂ ನಂಗೊತ್ತಿಲ್ಲ.”

ತಪ್ಪಾಯ್ತು ಅನ್ನುವ ಮಾತು ಚಿಕ್ಕಹನುಮಯ್ಯನಿಗೆ ತೀರ ಸಣ್ಣದಾಗಿ ಕಂಡಿತು.

“ಬೇರೆ ಟ್ಯಾಂಕು ಹಾಕ್ತಾರಾ?” ಬೆಟ್ಟಯ್ಯ ಕೇಳಿದ.

“ಅಂಜಿನಯ್ಯ ಗುಜರೀಲಿ ಒಂದು ನೋಡವ್ನೆ.”

“ನನ್ ಕೈಗೆ ಎಲ್ ನೋಡ್ತೀಯ?”

ಹಾಗೆಂದು ಎಡಗೈಯಲ್ಲಿದ್ದ ಲೋಟದಿಂದ ಅವನ ಬಾಯಿಗೆ ಅಪ್ಪಳಿಸಿದ. ಮತ್ತೆ ಅಪ್ಪಳಿಸಿದ. ಹಲ್ಲೊಂದು ಹಾಸಿಗೆಯ ಮೇಲೆ ಬಿತ್ತು. ನರ್ಸು ಚೀರುತ್ತ ಓಡಿಬಂದಳು. ಪಾಪಮ್ಮ ಗಂಡನನ್ನು ತಬ್ಬಿ ಹಿಂದಕ್ಕೆಳೆದಳು. ಅವನು ಅವಳ ಹೆಗಲಿಗೆ ಮುಖವಿಟ್ಟು ಎಳೆಗೂಸಿನ ಹಾಗೆ ಅತ್ತ.

ಸಂಜೆ ಹೇಳಿಕೆ ಬರೆದುಕೊಳ್ಳಲು ಬಂದ ಪೇದೆಗೆ ಚಿಕ್ಕಹನುಮಯ್ಯ ಒಡೆದ ತುಟಿಯಲ್ಲೇ ಎಲ್ಲ ಹೇಳಿದ. ಹೊಡೆದದ್ದು ತಾನು, ಅವನು ಟ್ಯಾಂಕು ಚುಚ್ಚಿದನೆಂದುಕೊಂಡದ್ದು ಸುಳ್ಳು. ತನ್ನ ಹಣೆ, ಪಕ್ಕೆ, ಹಲ್ಲಿನ ಬಗ್ಗೆ ಕೇಳಿದಾಗ, “ಅದು ಬರ್ಕೊಬೇಡಿ ಸಾರ್,” ಅಂದ. ಮಂಚದ ಬದಿಯಲ್ಲಿದ್ದ ಅಕ್ಕಯ್ಯಮ್ಮ ಸೆರಗು ಬಾಯಿಗೊತ್ತಿಕೊಂಡಳು, ಆದರೆ ಬೇಡವೆನ್ನಲಿಲ್ಲ.

ಅವನಿಗೆ ಶಿಕ್ಷೆಯಾಯಿತು. ಬೆಟ್ಟಯ್ಯನ ಮೊಣಕೈ ಆಮೇಲೆ ಮಡಚಲಿಲ್ಲ. ಸ್ಟೇರಿಂಗ್ ಹಿಡಿಯುವುದು ಅಲ್ಲಿಗೆ ಮುಗಿಯಿತು. ಅವನ ಲಾರಿಯನ್ನು ಕೆಂಚಪ್ಪ ಓಡಿಸತೊಡಗಿದ. ಜೈಲಿನಿಂದ ಬಂದ ಚಿಕ್ಕಹನುಮಯ್ಯ ಒಮ್ಮೆ ಅವರ ಮನೆಯ ಮುಂದೆ ಹೋಗಿ ನಿಂತ. ಪಾಪಮ್ಮ ಹೊರಗೆ ಬಂದು ನೋಡಿದಳು. ಬೈಯಲೂ ಇಲ್ಲ, ಒಳಗೆ ಕರೆಯಲೂ ಇಲ್ಲ. “ಅವರು ಮಲಗವ್ರೆ,” ಎಂದಷ್ಟೇ ಹೇಳಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು. ಒಳಗಿಂದ ಬೆಟ್ಟಯ್ಯನ ಕೆಮ್ಮು ಕೇಳಿಸಿತು.